ಸೇನೆಗೆ ಕೊಳ್ಳುವ ಹಣ, ಸಂಸತ್ತು ಕೇಳುವ ಲೆಕ್ಕ



2018ರ ಮಾರ್ಚ್ 13, ಮಂಗಳವಾರ. ಅಂದು ರಕ್ಷಣಾ ಸ್ಥಾಯಿ ಸಮಿತಿಯ ವರದಿಯೊಂದು ಸಂಸತ್ತಿನಲ್ಲಿ ಮಂಡನೆಯಾಯಿತು. ಸಮಿತಿಯ ಮುಂದೆ ಹೇಳಿಕೆ ಕೊಟ್ಟಿದ್ದ ಭೂಸೇನೆಯ ಉಪ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಶರತ್ ಚಂದ್ ಅವರ ಮಾತುಗಳು ಅದರಲ್ಲಿ ದಾಖಲಾಗಿದ್ದವು. ಭೂಸೇನೆಯ ಬಳಿ ಇರುವ ಉಪಕರಣಗಳಲ್ಲಿ ಶೇ 68ರಷ್ಟು ಹಳೆಯ ಕಾಲದವು, ಶೇ 24ರಷ್ಟು ಈಗಿನ ಕಾಲಕ್ಕೆ ಒಗ್ಗುವಂಥವು, ಅತ್ಯಾಧುನಿಕ ಎನ್ನಬಹುದಾದವು ಶೇ 8 ಮಾತ್ರ. ಮೂರೂ ಬಗೆಯವು ತಲಾ ಮೂರನೇ ಒಂದರಷ್ಟು ಇರಬೇಕು ಎಂಬುದು ಸೇನೆ ತಾನೇ ಇಟ್ಟುಕೊಂಡಿದ್ದ ಅಳತೆ. ಆಧುನೀಕರಣಕ್ಕೆ ಆ ವರ್ಷ ಸಿಕ್ಕಿದ್ದು 21,338 ಕೋಟಿ ರೂಪಾಯಿ. ಆಗಲೇ ಸಹಿ ಹಾಕಿದ್ದ ಗುತ್ತಿಗೆಗಳಿಗೆ ಕೊಡಬೇಕಾಗಿದ್ದ ಬಾಕಿಯೇ 29,033 ಕೋಟಿ.

ಮರುದಿನ, ಮಾರ್ಚ್ 14ರಂದು, ಲೋಕಸಭೆಯಲ್ಲಿ ಗದ್ದಲವೋ ಗದ್ದಲ. ಆಂಧ್ರಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ಒಂದು ಗುಂಪು, ಬ್ಯಾಂಕ್ ವಂಚನೆಯ ವಿಷಯ ಹಿಡಿದು ಇನ್ನೊಂದು ಗುಂಪು ಸಭಾಧ್ಯಕ್ಷರ ಪೀಠದ ಮುಂದೆ ನಿಂತಿತ್ತು. ಆ ಗದ್ದಲದ ನಡುವೆಯೇ ಎಲ್ಲ ಸಚಿವಾಲಯಗಳ ಅನುದಾನ ಬೇಡಿಕೆಗಳನ್ನು ಗಿಲೋಟಿನ್ ಮೂಲಕ ಒಟ್ಟಿಗೆ ಮತಕ್ಕೆ ಹಾಕಿ ಅಂಗೀಕರಿಸಲಾಯಿತು. ಪಿಂಚಣಿ ಬಿಟ್ಟು ಸುಮಾರು 2.95 ಲಕ್ಷ ಕೋಟಿಯ ರಕ್ಷಣಾ ಬಜೆಟ್ ಒಂದು ನಿಮಿಷದ ಚರ್ಚೆಯೂ ಇಲ್ಲದೆ ಪಾಸಾಯಿತು. ಹಿಂದಿನ ದಿನವಷ್ಟೇ ಮಂಡನೆಯಾದ ವರದಿಯ ಒಂದು ಸಾಲನ್ನೂ ಯಾರೂ ಎತ್ತಿ ಕೇಳಲಿಲ್ಲ. ಗಡಿಯಲ್ಲಿ ನಿಂತವನ ಬಗ್ಗೆ ನಾವು ಆಡುವ ದೊಡ್ಡ ಮಾತುಗಳನ್ನು ನೆನೆದಾಗಲೆಲ್ಲ ನನಗೆ ಈ ಎರಡು ದಿನಗಳು ಕಣ್ಣಮುಂದೆ ಬರುತ್ತವೆ; ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆ ಸಮಿತಿಯ ಅಧ್ಯಕ್ಷರಾಗಿದ್ದವರು ಮೇಜರ್ ಜನರಲ್ ಭುವನ್ ಚಂದ್ರ ಖಂಡೂರಿ. 1954ರಿಂದ 1990ರವರೆಗೆ ಸೇನೆಯ ಎಂಜಿನಿಯರ್ಸ್ ಕೋರ್‌ನಲ್ಲಿ ಸೇವೆ ಮಾಡಿ, 1991ರಲ್ಲಿ ಗಢವಾಲ ಕ್ಷೇತ್ರದಿಂದ ಬಿಜೆಪಿಯ ಸಂಸದರಾದವರು. ವಾಜಪೇಯಿ ಸಂಪುಟದಲ್ಲಿ ಹೆದ್ದಾರಿ ಖಾತೆ ನೋಡಿಕೊಂಡವರು. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ ದಾಟಿ ಬೆಳಗಾವಿಗೆ ಹೋಗುವ ನಮ್ಮ ಚತುಷ್ಪಥ ರಸ್ತೆ ಸುವರ್ಣ ಚತುಷ್ಕೋನ ಯೋಜನೆಯದು. ಅದರ ಕೆಲಸ ಭರದಿಂದ ನಡೆದದ್ದು ಅವರ ಕಾಲದಲ್ಲಿ. ಮುಂದೆ ಎರಡು ಬಾರಿ ಉತ್ತರಾಖಂಡದ ಮುಖ್ಯಮಂತ್ರಿಯಾದರು. 2014ರಲ್ಲಿ ಮತ್ತೆ ಲೋಕಸಭೆಗೆ ಬಂದಾಗ ರಕ್ಷಣಾ ಸ್ಥಾಯಿ ಸಮಿತಿಯ ಹೊಣೆ ಸಿಕ್ಕಿತು. ಆಡಳಿತ ಪಕ್ಷದವರಾಗಿದ್ದೂ ತಮ್ಮ ಸರ್ಕಾರದ ರಕ್ಷಣಾ ವೆಚ್ಚದ ಬಗ್ಗೆ ಅಷ್ಟು ಖಾರವಾದ ವರದಿಗಳನ್ನು ಅವರು ಹೊರತಂದರು ಎಂಬ ಕಾರಣಕ್ಕೇ ಇಂದಿನ ಉಪನ್ಯಾಸಕ್ಕೆ ಅವರನ್ನು ಆರಿಸಿಕೊಂಡೆ.

ಸ್ಥಾಯಿ ಸಮಿತಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿರುವ ವಿದ್ಯಾರ್ಥಿಗಳಿಗಾಗಿ ಎರಡು ಮಾತಿನಲ್ಲಿ ಹೇಳುತ್ತೇನೆ. ಈ ಸಮಿತಿಗಳು ಬಂದದ್ದು 1993ರಲ್ಲಿ. ಒಂದೊಂದರಲ್ಲೂ 31 ಸದಸ್ಯರು, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಬಾಗಿಲು ಮುಚ್ಚಿ ಸಭೆ ನಡೆಯುತ್ತದೆ. ಪಕ್ಷದ ವಿಪ್ ಇಲ್ಲಿ ನಡೆಯುವುದಿಲ್ಲ. ಕ್ಯಾಮೆರಾ ಇಲ್ಲದಿರುವುದರಿಂದ ಗದ್ದಲ ಮಾಡಿ ಯಾರಿಗೂ ಲಾಭವಿಲ್ಲ. ಸಮವಸ್ತ್ರದಲ್ಲಿರುವ ಅಧಿಕಾರಿ ಸಂಸದರ ಎದುರು ಕುಳಿತು, ತನ್ನ ಹತ್ತಿರ ಏನಿದೆ, ಏನಿಲ್ಲ ಎಂದು ಲೆಕ್ಕ ಒಪ್ಪಿಸುವ ಜಾಗ ನಮ್ಮ ಪ್ರಜಾಪ್ರಭುತ್ವದಲ್ಲಿ ಇದು. ಸೇನೆಯಲ್ಲಿ ದುಡಿದು ಬಂದ ಅಧ್ಯಕ್ಷನಿಗೆ ಯಾವ ಪ್ರಶ್ನೆ ಎಲ್ಲಿ ತಾಗುತ್ತದೆ ಎಂಬುದು ಗೊತ್ತಿರುತ್ತದೆ.

ಈಗ ಆ ಎರಡು ಅಂಕಿಗಳಿಗೆ ಬರೋಣ, 21,338 ಮತ್ತು 29,033. ನನ್ನ ಮಾತಿನ ತಿರುಳು ಇರುವುದು ಇಲ್ಲೇ. ಸೇನೆ ಒಂದು ತೋಪು, ಒಂದು ಹೆಲಿಕಾಪ್ಟರ್ ಕೊಂಡರೆ ಅದರ ಹಣವನ್ನು ಒಂದೇ ಸಲ ಕೊಡುವುದಿಲ್ಲ. ಸಹಿಯಾದಾಗ ಮುಂಗಡ, ಆಮೇಲೆ ಕೆಲಸದ ಹಂತ ಮುಗಿದಂತೆಲ್ಲ ಕಂತು, ಕೊನೆಗೆ ಒಪ್ಪಿಸಿದಾಗ ಉಳಿದದ್ದು. ಹೀಗೆ ಐದು, ಎಂಟು, ಹತ್ತು ವರ್ಷ ಪಾವತಿ ಸಾಗುತ್ತದೆ. ಪ್ರತಿ ಬಜೆಟ್‌ನಲ್ಲೂ ಹಿಂದಿನ ಗುತ್ತಿಗೆಗಳ ಈ ಕಂತುಗಳೇ ಮೊದಲು ಹಣ ಎಳೆದುಕೊಳ್ಳುತ್ತವೆ. ಮನೆ ಸಾಲದ ಇಎಂಐ ಕಟ್ಟಿದ ಮೇಲೆ ಸಂಬಳದಲ್ಲಿ ಏನೂ ಉಳಿಯದವನು ಹೊಸ ಗಾಡಿಗೆ ಮುಂಗಡ ಕೊಡುವುದಾದರೂ ಎಲ್ಲಿಂದ? 2018ರಲ್ಲಿ ಸೇನೆಯ ಸ್ಥಿತಿ ಅದಕ್ಕಿಂತ ಕಷ್ಟದ್ದಾಗಿತ್ತು. ಇಎಂಐ ಕಟ್ಟಲೇ 7,695 ಕೋಟಿ ಕಡಿಮೆ.

ಹಳೆಯ ಗುತ್ತಿಗೆಗಳಲ್ಲಿ ದೊಡ್ಡ ದೊಡ್ಡವು ವಿದೇಶದಿಂದ ಕೊಂಡವು. ಹೊಸದಾಗಿ ಬರಬೇಕಾಗಿದ್ದವು ದೇಶದೊಳಗೆ ತಯಾರಾಗಬೇಕಾದವು. ಮೇಕ್ ಇನ್ ಇಂಡಿಯಾ ಅಡಿಯಲ್ಲಿ ಸೇನೆ 25 ಯೋಜನೆಗಳನ್ನು ಗುರುತಿಸಿತ್ತು. ಸಾಕಷ್ಟು ಹಣವಿಲ್ಲದ ಕಾರಣ ಅವುಗಳಲ್ಲಿ ಹಲವನ್ನು ನಡುವೆಯೇ ಕೈಬಿಡಬೇಕಾದೀತು ಎಂದು ಉಪ ಮುಖ್ಯಸ್ಥರು ಸಮಿತಿಗೆ ತಿಳಿಸಿದರು. ಗಮನಿಸಿ, ಹಣ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಆಗಲೇ ಸಹಿಯಾದ ಆಮದಿಗಲ್ಲ, ಇನ್ನೂ ಸಹಿಯಾಗದ ಸ್ವದೇಶಿಗೆ. ವಿದೇಶಿ ಕಂಪನಿಯ ಗುತ್ತಿಗೆಯಲ್ಲಿ ದಂಡದ ಕಲಮು ಇರುತ್ತದೆ. ಪೀಣ್ಯದಲ್ಲಿ ಯಂತ್ರಭಾಗ ಕೊರೆಯುವ ಸಣ್ಣ ಕೈಗಾರಿಕೆಗೆ ಅಂಥ ರಕ್ಷಣೆ ಯಾವುದೂ ಇಲ್ಲ. ಬರುತ್ತದೆಂದ ಆರ್ಡರ್ ಬರಲಿಲ್ಲ, ಅಷ್ಟೆ. ಸ್ವದೇಶಿಯ ಘೋಷಣೆ ಎಷ್ಟೇ ಪ್ರಾಮಾಣಿಕವಾಗಿರಲಿ, ಬಜೆಟ್ ಪುಸ್ತಕದಲ್ಲಿ ಅದಕ್ಕೆಂದೇ ಸಾಲು ಇಲ್ಲದಿದ್ದರೆ ಅದು ಮೈದಳೆಯುವುದಿಲ್ಲ. ಆ ಸಾಲು ಎಲ್ಲಿದೆ ಎಂದು ಕೇಳಬೇಕಾದವನು ಸಂಸದ. ಖಂಡೂರಿಯವರ ಸಮಿತಿ ಕೇಳಿತು.

ಇನ್ನೊಂದು ವಿಷಯವನ್ನೂ ಆ ಸಮಿತಿ ಬಿಡದೆ ಹಿಡಿಯಿತು. ಮಾರ್ಚ್ 31ರೊಳಗೆ ಖರ್ಚಾಗದ ಬಂಡವಾಳದ ಹಣ ಬೊಕ್ಕಸಕ್ಕೆ ಮರಳುತ್ತದೆ. ಯುದ್ಧನೌಕೆಯ ಖರೀದಿಗೆ ಮಾತುಕತೆ ನಡೆದು, ಪರೀಕ್ಷೆ ನಡೆದು, ಸಂಪುಟದ ಒಪ್ಪಿಗೆ ಬರುವಷ್ಟರಲ್ಲಿ ಏಪ್ರಿಲ್ ಬಂದಿರುತ್ತದೆ. ಇಟ್ಟ ಹಣ ಹೋಯಿತು, ಮುಂದಿನ ವರ್ಷ ಮತ್ತೆ ಬೇಡಬೇಕು. ವರ್ಷದ ಕೊನೆಗೆ ಲೋಪವಾಗದ, ಉಳಿದದ್ದು ಮುಂದಕ್ಕೆ ಸಾಗುವ ರಕ್ಷಣಾ ಬಂಡವಾಳ ನಿಧಿ ಬೇಕೆಂದು ಸ್ಥಾಯಿ ಸಮಿತಿ ಮತ್ತೆ ಮತ್ತೆ ಶಿಫಾರಸು ಮಾಡಿತು. 15ನೇ ಹಣಕಾಸು ಆಯೋಗವೂ ರಕ್ಷಣೆ ಮತ್ತು ಆಂತರಿಕ ಭದ್ರತೆಗಾಗಿ 2021ರಿಂದ 2026ರ ಅವಧಿಗೆ 2,38,354 ಕೋಟಿಯ ಇಂಥದೇ ನಿಧಿಯನ್ನು ಸೂಚಿಸಿತು. ಸರ್ಕಾರ ತಾತ್ವಿಕವಾಗಿ ಒಪ್ಪಿತು. ಒಪ್ಪಿಗೆಯಿಂದ ನಿಧಿಯವರೆಗಿನ ದಾರಿ ಮಾತ್ರ ಉದ್ದವಾಯಿತು.

ದೊಡ್ಡ ಮೊತ್ತಗಳ ಮಾತು ಸಾಕು. ಒಬ್ಬ ಸೈನಿಕನ ಎದೆಯ ಮೇಲಿರುವ ಜಾಕೆಟ್ಟನ್ನು ನೋಡೋಣ. 2009ರಲ್ಲಿ 1,86,138 ಬುಲೆಟ್ ಪ್ರೂಫ್ ಜಾಕೆಟ್‌ಗಳ ಖರೀದಿಗೆ ಒಪ್ಪಿಗೆ ಸಿಕ್ಕಿತ್ತು. ಟೆಂಡರ್ ಕರೆದರು, ಪರೀಕ್ಷೆ ನಡೆಸಿದರು, ಮಾದರಿಗಳು ಗುಂಡಿನ ಪರೀಕ್ಷೆಯಲ್ಲಿ ಸೋತವು, ಟೆಂಡರ್ ರದ್ದಾಯಿತು. 2014ರಿಂದಲೇ ಖಂಡೂರಿಯವರ ಸಮಿತಿ ಈ ಕೊರತೆಯನ್ನು ವರದಿಯಲ್ಲಿ ಬರೆಯಿತು. ಬೂಟು, ಉಣ್ಣೆಯ ಮುಖಗವಸು, ಜಮಖಾನೆ, ಸೊಳ್ಳೆಪರದೆಗಳ ಕೊರತೆಯನ್ನೂ ಜೊತೆಗೇ ಬರೆಯಿತು. ಜಮಖಾನೆಯ ಲೆಕ್ಕವನ್ನು ಸಂಸತ್ತಿನ ಸಮಿತಿ ಕೇಳುವುದೇ ಎಂದು ಯಾರಿಗಾದರೂ ಅನ್ನಿಸಬಹುದು. ಕೇಳಲೇಬೇಕು. ಕ್ಷಿಪಣಿಯ ಬಗ್ಗೆ ಹತ್ತು ಜನ ಮಾತಾಡುತ್ತಾರೆ. ಹದಿನೈದು ಸಾವಿರ ಅಡಿ ಎತ್ತರದ ಠಾಣೆಯಲ್ಲಿ ಮಲಗುವವನ ಕೆಳಗೆ ಏನು ಹಾಸಿದೆ ಎಂದು ಕೇಳುವವರು ವಿರಳ.

2016ರಲ್ಲಿ ತುರ್ತು ಕ್ರಮವಾಗಿ 50,000 ಜಾಕೆಟ್‌ಗಳ ಆರ್ಡರ್ ನಮ್ಮ ಬೆಂಗಳೂರಿನ ಟಾಟಾ ಅಡ್ವಾನ್ಸ್ಡ್ ಮೆಟೀರಿಯಲ್ಸ್‌ಗೆ ಹೋಯಿತು. ಮೂಲ ಬೇಡಿಕೆಯ 1.86 ಲಕ್ಷಕ್ಕೆ ಗುತ್ತಿಗೆಯಾದದ್ದು 2018ರ ಏಪ್ರಿಲ್‌ನಲ್ಲಿ, ದೇಶೀಯ ಕಂಪನಿಯೊಂದರ ಜೊತೆ, 639 ಕೋಟಿ ರೂಪಾಯಿಗೆ. ಒಪ್ಪಿಗೆ ಸಿಕ್ಕ ಒಂಬತ್ತು ವರ್ಷಕ್ಕೆ! ಈ ಒಂಬತ್ತು ವರ್ಷದಲ್ಲಿ ಎರಡು ಸರ್ಕಾರಗಳು ಬಂದವು, ಹಾಗಾಗಿ ಯಾವ ಪಕ್ಷವೂ ಇನ್ನೊಂದರತ್ತ ಬೆರಳು ತೋರಿಸುವಂತಿಲ್ಲ. 2020ರಲ್ಲಿ ಗಾಲ್ವಾನ್ ಘರ್ಷಣೆಯಾದಾಗ ಮತ್ತೊಂದು ಪ್ರಶ್ನೆ ಎದ್ದಿತು. ನಮ್ಮಲ್ಲಿ ಹೊಲಿದು ಜೋಡಿಸಿದ ಜಾಕೆಟ್‌ಗಳ ಮೂಲ ಸಾಮಗ್ರಿ ಚೀನಾದಿಂದಲೂ ಬರುತ್ತಿತ್ತು. ಜಾಕೆಟ್ ನಮ್ಮದು, ಗುಂಡು ತಡೆಯುವ ಎಳೆ ಅವರದ್ದು. ದೇಶೀಯ ಖರೀದಿ ಎಂದರೆ ಕೊನೆಯ ಹೊಲಿಗೆ ಎಲ್ಲಿ ಹಾಕಿದರು ಎಂಬುದಷ್ಟೇ ಆದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಇಲ್ಲಿ ಮಂಗಳೂರಿನ ಮಗ ಜಾರ್ಜ್ ಫರ್ನಾಂಡಿಸ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಅವರು ರಕ್ಷಣಾ ಸಚಿವರಾಗಿದ್ದಾಗ ಸಿಯಾಚಿನ್‌ನ ಸೈನಿಕರಿಗೆ ಹಿಮದಲ್ಲಿ ಓಡಿಸುವ ಸ್ಕೂಟರ್‌ಗಳ ಕಡತ ದಿಲ್ಲಿಯಲ್ಲಿ ಕೊಳೆಯುತ್ತಿತ್ತು. ಕಡತ ತಡೆದ ಅಧಿಕಾರಿಗಳನ್ನೇ ಸಿಯಾಚಿನ್‌ಗೆ ಹೋಗಿ ಬನ್ನಿ ಎಂದು ಅವರು ಆದೇಶಿಸಿದರು. ಒಬ್ಬ ಸಚಿವ ಒಮ್ಮೆ ಹೀಗೆ ಮಾಡಬಹುದು. ವರ್ಷ ವರ್ಷವೂ ಬಿಡದೆ ಮಾಡುವ ಕೆಲಸ ಸಮಿತಿಯದು.

2018ರ ಸೆಪ್ಟೆಂಬರ್‌ನಲ್ಲಿ ಸ್ಥಾಯಿ ಸಮಿತಿಗಳ ಪುನರ್‌ರಚನೆಯಾದಾಗ ಖಂಡೂರಿಯವರ ಜಾಗಕ್ಕೆ ಕಲ್‌ರಾಜ್ ಮಿಶ್ರಾ ಬಂದರು. ಪ್ರಶ್ನೆ ಕೇಳಿದ್ದಕ್ಕೇ ತೆಗೆದರು ಎಂದು ಪ್ರತಿಪಕ್ಷ ಆರೋಪಿಸಿತು. ಸಮಿತಿಗಳು ಪ್ರತಿ ವರ್ಷ ಹೊಸದಾಗಿ ರಚನೆಯಾಗುತ್ತವೆ, ಅಧ್ಯಕ್ಷರು ಬದಲಾಗುವುದು ನಿಯಮದೊಳಗೇ ಇದೆ ಎಂಬುದೂ ನಿಜ. ಉದ್ದೇಶ ಏನಿತ್ತೆಂದು ನಾನು ತೀರ್ಪು ಕೊಡುವುದಿಲ್ಲ. ಅದರ ಪರಿಣಾಮ ಏನೆಂದು ಮಾತ್ರ ಹೇಳಬಲ್ಲೆ. ಅಷ್ಟು ಗಟ್ಟಿಯಾಗಿ ಬರೆದವರನ್ನು ಲೋಕಸಭೆಯ ಅವಧಿ ಮುಗಿಯುವ ಮುನ್ನ ಬದಲಿಸಿದಾಗ, ಮುಂದೆ ಆ ಕುರ್ಚಿಯಲ್ಲಿ ಕೂರುವವರಿಗೆ ಯಾರೂ ಬಾಯಿಬಿಟ್ಟು ಏನನ್ನೂ ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಇಂಥದೇ ಸಂದರ್ಭ ಬೇರೆ ದಾರಿ ಹಿಡಿಯಿತು. 1941ರಲ್ಲಿ ಮಿಸೌರಿಯ ಸೆನೆಟರ್ ಹ್ಯಾರಿ ಟ್ರೂಮನ್ ಯುದ್ಧ ಸಾಮಗ್ರಿ ಖರೀದಿಯ ಮೇಲೆ ಕಣ್ಣಿಡುವ ವಿಶೇಷ ಸಮಿತಿ ಕಟ್ಟಿಕೊಂಡರು. ಅಧ್ಯಕ್ಷ ರೂಸ್‌ವೆಲ್ಟ್ ಅವರದೇ ಪಕ್ಷದವರು. ಆದರೂ ಓಹಾಯೋದ ಕಾರ್ಖಾನೆಯೊಂದರಲ್ಲಿ ದೋಷವಿದ್ದ ವಿಮಾನದ ಎಂಜಿನ್‌ಗಳು ತಪಾಸಣೆ ದಾಟಿ ಹೋಗುತ್ತಿದ್ದುದನ್ನು ಯುದ್ಧದ ನಡುವೆಯೇ ಬಯಲಿಗೆಳೆದರು. 1944ರಲ್ಲಿ ಅದೇ ರೂಸ್‌ವೆಲ್ಟ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತು ಗೆದ್ದರು. ಸೆನೆಟ್‌ನಲ್ಲಿ ಅಷ್ಟಾಗಿ ಯಾರ ಕಣ್ಣಿಗೂ ಬೀಳದಿದ್ದ ಅವರ ಹೆಸರು ದೇಶಕ್ಕೆಲ್ಲ ತಿಳಿದದ್ದು ಈ ಸಮಿತಿಯಿಂದ.

ಅಮೆರಿಕದಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಸೈನಿಕನ ಬಟ್ಟೆ, ಆಹಾರ, ನೂಲು ಸ್ವದೇಶದ್ದೇ ಆಗಿರಬೇಕೆಂಬ ನಿಯಮ ಅಲ್ಲಿ 1941ರಿಂದಲೂ ಶಾಸನದಲ್ಲಿದೆ. ಅದಕ್ಕೆ ಬೆರ್ರಿ ತಿದ್ದುಪಡಿ ಎಂದು ಹೆಸರು. ಕುರಿ ಸಾಕುವವರ ರಾಜ್ಯ ದಕ್ಷಿಣ ಡಕೋಟಾದಿಂದ ಬಂದ ಎಲ್ಲಿಸ್ ಬೆರ್ರಿ ಎಂಬ ಪ್ರತಿನಿಧಿ 1950ರ ದಶಕದಲ್ಲಿ ಅದಕ್ಕೆ ಉಣ್ಣೆಯನ್ನೂ ಸೇರಿಸಿದರು. ತನ್ನ ಕ್ಷೇತ್ರದ ರೈತರ ಹಿತ ಅದರಲ್ಲಿ ಇತ್ತು, ಮುಚ್ಚಿಡುವಂಥದ್ದೇನಲ್ಲ. 2001ರಲ್ಲಿ ಅಮೆರಿಕದ ಸೇನೆ ಆತುರದಲ್ಲಿ ಕಪ್ಪು ಬೆರೆ ಟೋಪಿಗಳನ್ನು ಕೊಂಡಾಗ ಕೆಲವು ಚೀನಾದಲ್ಲಿ ತಯಾರಾದವೆಂದು ತಿಳಿಯಿತು. ಶಾಸಕರು ಎದ್ದು ನಿಂತರು, ಹಂಚಿದ ಟೋಪಿಗಳನ್ನು ಸೇನೆ ವಾಪಸ್ ಪಡೆಯಬೇಕಾಯಿತು. ಇಂಥ ಕಾನೂನಿನಿಂದ ಬೆಲೆ ಏರುತ್ತದೆ, ಸರಬರಾಜು ತಡವಾಗುತ್ತದೆ ಎಂಬ ಟೀಕೆಯೂ ಅಲ್ಲಿದೆ, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ನಿಯಮವನ್ನು ಬರೆದದ್ದು ಶಾಸನಸಭೆ. ಸಡಿಲಿಸಿದರೆ ಅಲ್ಲಿಗೇ ಬಂದು ಉತ್ತರ ಕೊಡಬೇಕು.

ನಮ್ಮಲ್ಲಿ ದೇಶೀಯ ಖರೀದಿಯ ನಿಯಮಗಳೆಲ್ಲ ಇರುವುದು ರಕ್ಷಣಾ ಸಚಿವಾಲಯ ತಾನೇ ಹೊರಡಿಸುವ ಕೈಪಿಡಿಯಲ್ಲಿ. 2020ರ ಕೈಪಿಡಿ, ನಮ್ಮಲ್ಲೇ ವಿನ್ಯಾಸಗೊಂಡು ತಯಾರಾದದ್ದಕ್ಕೆ ಮೊದಲ ಆದ್ಯತೆ ಕೊಟ್ಟು, ಕನಿಷ್ಠ ಶೇ 50ರಷ್ಟು ದೇಶೀಯ ಅಂಶ ಇರಬೇಕೆಂದಿತು. ಅದೇ ವರ್ಷ ಆಗಸ್ಟ್ 9ರಂದು 101 ವಸ್ತುಗಳ ಆಮದಿಗೆ ಹಂತಹಂತವಾಗಿ ತಡೆ ಹಾಕುವ ಮೊದಲ ಪಟ್ಟಿ ಬಂತು. ಒಳ್ಳೆಯ ಹೆಜ್ಜೆಗಳು, ಮನಸಾರೆ ಸ್ವಾಗತಿಸುತ್ತೇನೆ. 2023-24ರಲ್ಲಿ ರಕ್ಷಣಾ ಉತ್ಪಾದನೆ 1.27 ಲಕ್ಷ ಕೋಟಿಗೆ, ರಫ್ತು 21,083 ಕೋಟಿಗೆ ಏರಿದ್ದು ಸಣ್ಣ ಸಾಧನೆಯಲ್ಲ. ಆದರೆ ಕೈಪಿಡಿಯನ್ನು ಸಚಿವಾಲಯ ಬರೆಯುತ್ತದೆ, ಸಚಿವಾಲಯವೇ ತಿದ್ದುತ್ತದೆ. ಸಂಸತ್ತು ಅದರ ಒಂದು ಕಲಮಿನ ಮೇಲೂ ಮತ ಹಾಕಿಲ್ಲ. ಮುಂದೆ ಬೇರೊಂದು ಸರ್ಕಾರ ಬೇರೊಂದು ಯೋಚನೆ ಮಾಡಿದರೆ, ಹತ್ತು ವರ್ಷದ ಲೆಕ್ಕ ಹಾಕಿ ಯಂತ್ರ ಕೂರಿಸಿದ ಉದ್ಯಮಿ ಯಾವ ಶಾಸನ ಹಿಡಿದು ನ್ಯಾಯ ಕೇಳಬೇಕು?

ಖಂಡೂರಿಯವರ ಎಲ್ಲ ನಿಲುವುಗಳನ್ನೂ ನಾನು ಒಪ್ಪುವುದಿಲ್ಲ. ರಕ್ಷಣಾ ವೆಚ್ಚವನ್ನು ಜಿಡಿಪಿಯ ಶೇಕಡಾವಾರಿನಲ್ಲಿ ಅಳೆಯುವ ರೂಢಿ ಅವರ ಸಮಿತಿಯ ವರದಿಗಳಲ್ಲೂ ಇದೆ. 2018ರ ಜುಲೈನಲ್ಲಿ ಮುರಳಿ ಮನೋಹರ ಜೋಶಿ ಅಧ್ಯಕ್ಷತೆಯ ಅಂದಾಜು ಸಮಿತಿಯೂ ಈ ಪ್ರಮಾಣ 1962ರ ನಂತರ ತೀರ ಕಡಿಮೆ ಎಂದು ಎಚ್ಚರಿಸಿತು. ಸಂಬಳ, ಪಿಂಚಣಿಯೇ ಬಹುಪಾಲು ನುಂಗುವ ಬಜೆಟ್‌ನಲ್ಲಿ ಶೇಕಡಾ ಒಂದೆರಡು ಅಂಶ ಏರಿಸಿದ ಮಾತ್ರಕ್ಕೆ ಹೊಸ ಬಂದೂಕು ಬರುವುದಿಲ್ಲ. ಸೇನೆಗಳ ಪಾಲಿನ ತಪ್ಪನ್ನೂ ಹೇಳಬೇಕು. ಎಲ್ಲ ದೇಶಗಳ ಆಯುಧಗಳಿಂದ ಒಂದೊಂದು ಗುಣ ಎತ್ತಿಕೊಂಡು, ಎಲ್ಲೂ ಇಲ್ಲದ ಆಯುಧ ಬೇಕೆಂದು ಬರೆದ ಬೇಡಿಕೆಪಟ್ಟಿಗಳಿಂದ ಎಷ್ಟೋ ದೇಶೀಯ ಯೋಜನೆಗಳು ಸೊರಗಿವೆ. ಇದನ್ನು ರಕ್ಷಣಾ ಸಚಿವರಾಗಿದ್ದ ಮನೋಹರ ಪರಿಕ್ಕರ್ ಬಹಿರಂಗವಾಗಿಯೇ ಹೇಳಿದ್ದರು.

ಇನ್ನು ನಮ್ಮ ನಾಡಿನ ಮಾತು. ದೇಶೀಯ ರಕ್ಷಣಾ ಉತ್ಪಾದನೆಯಲ್ಲಿ ಕರ್ನಾಟಕಕ್ಕೆ ಇರುವಷ್ಟು ಪಾಲು ಬೇರೆ ರಾಜ್ಯಕ್ಕಿಲ್ಲ ಎಂದು ನಾವು ಹೆಮ್ಮೆ ಪಡುತ್ತೇವೆ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಬೆಂಬಲದಿಂದ ಆರಂಭಿಸಿದ ವಿಮಾನ ಕಾರ್ಖಾನೆ ಇಂದಿನ ಎಚ್‌ಎಎಲ್. 1954ರಿಂದ ಬಿಇಎಲ್ ಇದೆ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ, ಮೈಸೂರಿನಲ್ಲಿ ಬಿಇಎಂಎಲ್ ಇದೆ. ಗಡಿಯಲ್ಲಿರುವವನು ಕೆಡದ ಊಟ ತಿನ್ನಲೆಂದು 1961ರಿಂದ ಶ್ರಮಿಸುತ್ತಿರುವ ರಕ್ಷಣಾ ಆಹಾರ ಸಂಶೋಧನಾಲಯ ಮೈಸೂರಿನದು. 2023ರ ಫೆಬ್ರುವರಿಯಲ್ಲಿ ತುಮಕೂರು ಜಿಲ್ಲೆಯ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು.

ಆದರೆ ಎಚ್‌ಎಎಲ್‌ನ ಇತಿಹಾಸದಲ್ಲೇ ಒಂದು ಗಾಯವಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು, ನಮ್ಮ ಎಂಜಿನಿಯರುಗಳ ಜೊತೆ ಕೂತು ರೂಪಿಸಿದ ಮಾರುತ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಹಾರಿತು. ಏಷ್ಯಾದಲ್ಲಿ ಅಂಥ ಕೆಲಸಕ್ಕೆ ಕೈಹಾಕಿದವರು ಆಗ ವಿರಳ. ವಿಮಾನದ ಮೈಕಟ್ಟು ಶಬ್ದದ ವೇಗ ಮೀರಲು ತಕ್ಕದ್ದು, ಆದರೆ ಅದಕ್ಕೆ ಬೇಕಾದ ಶಕ್ತಿಯ ಎಂಜಿನ್ ಇರಲಿಲ್ಲ. ಆರ್ಫಿಯಸ್ ಎಂಜಿನ್‌ನ ಬಲವಾದ ಮಾದರಿಯನ್ನು ಬೆಳೆಸಲು ಬ್ರಿಟನ್ ಹಣದ ಪಾಲು ಕೇಳಿತು, ದಿಲ್ಲಿ ಕೊಡಲಿಲ್ಲ. ಕಡಿಮೆ ಶಕ್ತಿಯ ಎಂಜಿನ್ ಹೊತ್ತೇ 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿಯೇ ಹೋರಾಡಿದವು. ಆದರೆ ಅದರ ಮುಂದಿನ ಪೀಳಿಗೆ ಹುಟ್ಟಲಿಲ್ಲ. ಬೆಂಗಳೂರಿನ ವಿನ್ಯಾಸಕಾರರ ಒಂದು ತಲೆಮಾರಿನ ಅನುಭವ ಮುಂದಕ್ಕೆ ಹರಿಯದೆ ನಿಂತಿತು.

ಮುಂದೆ ಬಂದ ದೇಶೀಯ ಯುದ್ಧವಿಮಾನ ತೇಜಸ್‌ನ ಯೋಜನೆ ಶುರುವಾದದ್ದು 1983ರಲ್ಲಿ. ಮೊದಲ ಹಾರಾಟ 2001ರ ಜನವರಿ 4ರಂದು, ವಾಯುಪಡೆಗೆ ಸೇರಿದ್ದು 2016ರ ಜುಲೈ 1ರಂದು. ಅದಕ್ಕೆಂದು ನಮ್ಮದೇ ಎಂಜಿನ್ ಮಾಡಲು 1989ರಲ್ಲಿ ಕಾವೇರಿ ಯೋಜನೆಗೆ 382.81 ಕೋಟಿ ಮಂಜೂರಾಯಿತು. ಬೇಕಾದಷ್ಟು ಒತ್ತಡಬಲ ಬಾರದೆ 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಿದರು. 2021ರ ಫೆಬ್ರುವರಿಯಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಸುಮಾರು 48,000 ಕೋಟಿಯ ಗುತ್ತಿಗೆಯಾಯಿತು. 2024ರ ಆರಂಭದಲ್ಲಿ ಮೊದಲ ವಿಮಾನ ಬರಬೇಕಿತ್ತು, ಬರಲಿಲ್ಲ. ಅಮೆರಿಕದ ಕಂಪನಿ ಕೊಡಬೇಕಾಗಿದ್ದ 99 ಎಂಜಿನ್‌ಗಳಲ್ಲಿ ಮೊದಲನೆಯದು ಒಪ್ಪಿಸಲಾದದ್ದೇ 2025ರ ಮಾರ್ಚ್‌ನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಗಳಿಗೆ 62,370 ಕೋಟಿಯ ಗುತ್ತಿಗೆಯಾಯಿತು. ಅದರ ಮರುದಿನವೇ ಮಿಗ್-21 ವಿಮಾನಗಳು ಚಂಡೀಗಢದಲ್ಲಿ ಕೊನೆಯ ಬಾರಿ ಹಾರಿ ನಿವೃತ್ತವಾದವು. 42 ಸ್ಕ್ವಾಡ್ರನ್‌ಗಳಿಗೆ ಮಂಜೂರಾತಿ ಇರುವ ವಾಯುಪಡೆಯಲ್ಲಿ ಆಗ ಉಳಿದದ್ದು 29. ಮಾರುತ್ ಕಾಲದಿಂದ ತೇಜಸ್ ಕಾಲದವರೆಗೂ ನಮ್ಮ ಕಷ್ಟ ಒಂದೇ ಕಡೆ ಇದೆ, ಎಂಜಿನ್‌ನಲ್ಲಿ.

ಕರ್ನಾಟಕದಿಂದ 28 ಮಂದಿ ಲೋಕಸಭೆಗೆ, 12 ಮಂದಿ ರಾಜ್ಯಸಭೆಗೆ ಹೋಗುತ್ತಾರೆ. ಕಾರ್ಖಾನೆಗೆ ಆರ್ಡರ್ ಕೊಡಿ, ನಮ್ಮಿಂದ ಕಿತ್ತು ಬೇರೆಯವರಿಗೆ ಕೊಡಬೇಡಿ ಎಂದು ಇವರಲ್ಲಿ ಹಲವರು ಪಕ್ಷಭೇದ ಮರೆತು ಕೇಳಿದ್ದಾರೆ. ಕೇಳಬೇಕಾದದ್ದೇ. ಆದರೆ ಅನುದಾನ ಬೇಡಿಕೆ ಬಂದ ದಿನ ಅವರು ಕೇಳಲಿ ಎಂದು ನಾನು ಬಯಸುವ ಪ್ರಶ್ನೆಗಳು ಬೇರೆ. ಎಂಜಿನ್ ತಡವಾದುದಕ್ಕೆ ಪೂರೈಕೆದಾರರಿಂದ ಎಷ್ಟು ದಂಡ ವಸೂಲಾಯಿತು? ಕಾವೇರಿಯ ಅನುಭವವಿರುವ ಬೆಂಗಳೂರಿನ ಪ್ರಯೋಗಾಲಯಕ್ಕೆ ಮುಂದಿನ ಹತ್ತು ವರ್ಷಕ್ಕೆ ವರ್ಷಾವಾರು ಎಷ್ಟು ಹಣ, ಅದು ಯಾವ ಸಾಲಿನಲ್ಲಿದೆ? ಈ ವರ್ಷದ ಬಂಡವಾಳ ವೆಚ್ಚದಲ್ಲಿ ಹಳೆಯ ಕಂತು ಕಳೆದು ಹೊಸ ದೇಶೀಯ ಗುತ್ತಿಗೆಗೆ ಉಳಿದದ್ದೆಷ್ಟು? ಎಚ್‌ಎಎಲ್ ಒಪ್ಪಿಸುವುದಾಗಿ ಹೇಳಿದ ತಿಂಗಳಿಗೂ ಒಪ್ಪಿಸಿದ ತಿಂಗಳಿಗೂ ಅಂತರವೆಷ್ಟು? ಕೊನೆಯ ಪ್ರಶ್ನೆ ನಮ್ಮೂರಿನ ಕಾರ್ಖಾನೆಗೇ ಮುಜುಗರ ತಂದೀತು. ತಂದರೂ ಅದನ್ನು ಕರ್ನಾಟಕದ ಸಂಸದರೇ ಕೇಳಲಿ, ಬೇರೆ ರಾಜ್ಯದವರು ಕೇಳುವವರೆಗೆ ಕಾಯುವುದು ಬೇಡ.

ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳು ಲೋಕಸಭೆಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಎಚ್‌ಎಎಲ್ ಗೇಟಿನ ಹೊರಗೆ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಕಾರ್ಮಿಕನಿಗೂ, ಕೊಡಗಿನಲ್ಲೋ ಬೆಳಗಾವಿ ಜಿಲ್ಲೆಯಲ್ಲೋ ಮಗನನ್ನು ಸೈನ್ಯಕ್ಕೆ ಕಳಿಸಿದ ತಾಯಿಗೂ ಅವು ಕನ್ನಡದಲ್ಲಿ ಸಿಗಬೇಕು. ಈ ಉಪನ್ಯಾಸವನ್ನು ನಡೆಸುವ ದತ್ತಿಯ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸದ ಜೊತೆಗೆ ಅನುದಾನ ಬೇಡಿಕೆ ವರದಿಯ ಕನ್ನಡ ಸಾರಾಂಶವೊಂದನ್ನೂ ಅಚ್ಚು ಹಾಕಿಸಲು ಆದೀತೇ ಎಂದು ದತ್ತಿಯ ಹಿರಿಯರನ್ನು ಕೇಳಿಕೊಳ್ಳುತ್ತೇನೆ. ಮೊದಲ ವರ್ಷದ್ದನ್ನು ಬರೆದುಕೊಡುವ ಹೊಣೆ ನನ್ನದು.